ಗ್ರೀಸಿನ ಗುಡಿಗಳಲ್ಲಿ ಕಂಬ ಬಿಟ್ಟರೆ ಇನ್ನೇನಿದೆ?

ಪ್ರಶ್ನೆ: ನಮ್ಮ ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾವಿಬ್ಬರೂ ಅವಳಲ್ಲಿಗೆ ಹೋಗುತ್ತಿದ್ದೇವೆ. ಅಲ್ಲಿಂದ ಮೂವರೂ ಎಂಟು ದಿನ ಗ್ರೀಸ್‌ಗೆ ಹೋಗಿಬರುವ ಯೋಚನೆ ಇದೆ. ಕಳೆದ ವರ್ಷ ಹೋಗಿಬಂದ ನನ್ನ ನಾದಿನಿ, "ಬರೀ ಮುರಿದ ಕಂಬಗಳು, ಒಳಗೆ ಹೋಗಲೂ ಬಿಡುವುದಿಲ್ಲ, ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು" ಎಂದರು. ಬೇಲೂರು, ಹಳೇಬೀಡಿಗೆ ಹೋದರೆ ಸಂಜೆಯಾದರೂ ಹೊರಡಲು ಮನಸ್ಸಾಗದವರು ನಾವು. ಅಲ್ಲಿ ನಿಜಕ್ಕೂ ನೋಡುವಂಥದ್ದು ಏನಿದೆ? ಯಾವ ಗುಡಿಗಳನ್ನು ಆರಿಸಿಕೊಳ್ಳಬೇಕು? ನನಗೆ 63 ವರ್ಷ, ಯಜಮಾನರಿಗೆ 69. ಅವರಿಗೆ ಮಂಡಿನೋವು ಇದೆ.

ಉತ್ತರ: ನಿಮ್ಮ ನಾದಿನಿಯವರು ಹೇಳಿದ್ದು ಸುಳ್ಳಲ್ಲ. ನಾನೂ ಮೊದಲ ಸಲ ಅಥೆನ್ಸ್‌ನ ಗುಡಿಗಳಿರುವ ಅಕ್ರೊಪೊಲಿಸ್ ಬೆಟ್ಟ ಹತ್ತಿದಾಗ 40 ನಿಮಿಷದಲ್ಲಿ ಇಳಿದು ಬಂದಿದ್ದೆ. ವಾಸ್ತುಶಿಲ್ಪದ ಇತಿಹಾಸ ಪಾಠ ಮಾಡುವವನ ಗತಿಯೇ ಹಾಗಾಗಿತ್ತು ಎಂದ ಮೇಲೆ ಬೇರೆಯವರನ್ನು ದೂರುವುದು ಹೇಗೆ? ಗುಡಿ ಎಂದ ಕೂಡಲೇ ನಮ್ಮ ಕಾಲು ತಾನಾಗಿ ಒಳಕ್ಕೆ ಹೋಗಲು ನೋಡುತ್ತದೆ. ಮುಖಮಂಟಪ, ನವರಂಗ, ಸುಕನಾಸಿ, ಗರ್ಭಗುಡಿ ಎಂದು ಒಂದೊಂದೇ ಹೊಸ್ತಿಲು ದಾಟುತ್ತ ಬೆಳಕಿನಿಂದ ಕತ್ತಲೆಗೆ ಸಾಗುವುದು ನಮಗೆ ರೂಢಿ. ಗ್ರೀಕರ ಗುಡಿ ಹಾಗಲ್ಲ. ಅದು ಹೊರಗೆ ನಿಂತು ನೋಡುವುದಕ್ಕೆಂದೇ ಕಟ್ಟಿದ ಗುಡಿ.

ಒಳಗೆ ದೇವರ ಮೂರ್ತಿ ಇತ್ತು, ನಿಜ. ಆದರೆ ಆ ಕೋಣೆ ದೇವರ ಮನೆಯೂ ಹರಕೆಯ ಒಡವೆ ವಸ್ತುಗಳ ಉಗ್ರಾಣವೂ ಆಗಿತ್ತೇ ಹೊರತು ಭಕ್ತರು ಕಲೆಯುವ ಜಾಗವಾಗಿರಲಿಲ್ಲ. ಮುಖ್ಯ ಆರಾಧನೆ ನಡೆಯುತ್ತಿದ್ದುದು ಎದುರಿನ ಬಯಲಿನಲ್ಲಿ, ಸಾಮಾನ್ಯವಾಗಿ ಪೂರ್ವಕ್ಕೆ ಇರುತ್ತಿದ್ದ ಬಲಿಪೀಠದ ಬಳಿ. ಅಲ್ಲಿ ದನ, ಕುರಿಗಳನ್ನು ಬಲಿ ಕೊಟ್ಟು ಮೂಳೆ, ಕೊಬ್ಬನ್ನು ಬೆಂಕಿಗೆ ಹಾಕುತ್ತಿದ್ದರು. ಹೊಗೆ ದೇವರಿಗೆ, ಮಾಂಸ ಊರಿನವರಿಗೆ. ಗುಡಿಯ ಬಾಗಿಲು ತೆರೆದರೆ ಒಳಗಿನ ದೇವರ ಮುಖ ಈ ಬಯಲಿನ ಕಡೆಗೇ. ನಮ್ಮಲ್ಲಿ ಊರಾಚೆಯ ಮಾರಮ್ಮನ ಜಾತ್ರೆ ಕಂಡವರಿಗೆ ಇದು ಬೇಲೂರು ಕಂಡವರಿಗಿಂತ ಬೇಗ ಅರ್ಥವಾಗುತ್ತದೆ.

ಆದ್ದರಿಂದ ಯಾವ ಗುಡಿಗೆ ಹೋದರೂ ಮೊದಲು ಪೂರ್ವ ಯಾವ ಕಡೆ ಎಂದು ನೋಡಿಕೊಳ್ಳಿ. ಅಕ್ರೊಪೊಲಿಸ್‌ನಲ್ಲಂತೂ ಇದನ್ನು ಮರೆಯಲೇಬೇಡಿ. ಪ್ರೊಪಿಲೈಯಾ ಎಂಬ ಹೆಬ್ಬಾಗಿಲು ದಾಟಿದ ಕೂಡಲೇ ಅಥೀನಾ ದೇವಿಯ ಗುಡಿ ಪಾರ್ಥೆನಾನ್ ಎದುರಾಗುತ್ತದೆ. ಜನ ಅಲ್ಲೇ ನಿಂತು ಫೋಟೊ ತೆಗೆದುಕೊಂಡು ಧನ್ಯರಾಗುತ್ತಾರೆ. ಪಾಪ, ಅವರು ನೋಡುತ್ತಿರುವುದು ಗುಡಿಯ ಬೆನ್ನು! ಬಾಗಿಲು ಇದ್ದದ್ದು ಆಚೆ, ಪೂರ್ವಕ್ಕೆ. ಅಥೀನಾ ದೇವಿಯ ಹಬ್ಬದ ಮೆರವಣಿಗೆ ಇದೇ ಹೆಬ್ಬಾಗಿಲಿನಿಂದ ಬಂದು, ಗುಡಿಯ ಉತ್ತರದ ಬದಿ ಹಿಡಿದು ಪೂರ್ವಕ್ಕೆ ಸಾಗುತ್ತಿತ್ತು. ಅಂದರೆ ದೇವರು ಬಲಗೈ ಕಡೆಗೆ, ನಮ್ಮ ಪ್ರದಕ್ಷಿಣೆಯ ಲೆಕ್ಕದಲ್ಲೇ. ಇದು ಕಾಕತಾಳೀಯ ಅಷ್ಟೇ, ದೊಡ್ಡ ಸಿದ್ಧಾಂತ ಕಟ್ಟಲು ಹೋಗಬೇಡಿ. ಆದರೆ ನಿಮಗೆ ದಾರಿ ನೆನಪಿಡಲು ಸುಲಭ. ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆದ ಕೂಡಲೇ ಹೊಕ್ಕು, ಎಲ್ಲೂ ನಿಲ್ಲದೆ ನೇರ ಪೂರ್ವದ ಬದಿಗೆ ನಡೆದುಬಿಡಿ. ಎಳೆಬಿಸಿಲು ಆ ಮುಖದ ಮೇಲೇ ಬಿದ್ದಿರುತ್ತದೆ, ಹಿಂಡು ಇನ್ನೂ ಪಶ್ಚಿಮದಲ್ಲೇ ಇರುತ್ತದೆ.

ಇನ್ನು ಏನು ನೋಡಬೇಕು ಎಂಬ ಪ್ರಶ್ನೆ. ಬೇಲೂರಿನ ಬಳಪದ ಕಲ್ಲು ಮೆತ್ತಗಿನದು, ಉಗುರಿನಷ್ಟು ಜಾಗದಲ್ಲೂ ಒಂದು ಬಳ್ಳಿ ಬಿಡಿಸಬಹುದು. ಅಲ್ಲಿ ಕಣ್ಣು ಕೆತ್ತನೆಯ ಹಿಂದೆ ಹೋಗುತ್ತದೆ. ಇಲ್ಲಿ ಕೆತ್ತನೆಯೆಲ್ಲ ಮೇಲಿನ ತೊಲೆಗಳಿಗೂ ಮುಂಭಾಗದ ತ್ರಿಕೋನಗಳಿಗೂ ಸೀಮಿತ. ಅದರಲ್ಲೂ ಬಹುಪಾಲು ಈಗ ಮ್ಯೂಸಿಯಂ ಸೇರಿದೆ. ಗುಡಿಯಲ್ಲಿ ಉಳಿದಿರುವುದು ಕಟ್ಟಿದವನ ಕೈಕೆಲಸ, ಕಲ್ಲಿಗೆ ಕಲ್ಲು ಕೂಡಿಸಿದ ಬಗೆ. ಅದನ್ನು ನೋಡಲು ಕತ್ತು ಎತ್ತುವುದಕ್ಕಿಂತ ಬಗ್ಗುವುದೇ ಹೆಚ್ಚು.

ಪಾರ್ಥೆನಾನ್‌ನಿಂದಲೇ ಶುರು ಮಾಡೋಣ. ಕ್ರಿ.ಪೂ. 447ರಿಂದ 432ರ ನಡುವೆ ಕಟ್ಟಿದ್ದು. ಇಕ್ಟಿನೋಸ್ ಮತ್ತು ಕಲ್ಲಿಕ್ರಟೀಸ್ ವಾಸ್ತುಶಿಲ್ಪಿಗಳು, ಶಿಲ್ಪದ ಉಸ್ತುವಾರಿ ಫಿಡಿಯಾಸನದು. ಸುಮಾರು 31 ಮೀಟರ್ ಅಗಲ, 69 ಮೀಟರ್ ಉದ್ದ. ಅಗಲಕ್ಕೆ 8 ಕಂಬ, ಉದ್ದಕ್ಕೆ 17. ಹಗ್ಗದ ಈಚೆಯೇ ಇದ್ದು, ಗುಡಿಯ ಒಂದು ಮೂಲೆಯಲ್ಲಿ ಬಗ್ಗಿ, ಮೆಟ್ಟಿಲಿನ ಅಂಚಿನ ಗುಂಟ ಇನ್ನೊಂದು ಮೂಲೆಯತ್ತ ಕಣ್ಣು ಹಾಯಿಸಿ. ಅಂಚು ನೇರವಾಗಿಲ್ಲ, ನಡುವೆ ಉಬ್ಬಿದೆ. ಉದ್ದದ ಬದಿಯಲ್ಲಿ ಸುಮಾರು 11 ಸೆಂಟಿಮೀಟರ್, ಅಗಲದ ಬದಿಯಲ್ಲಿ ಸುಮಾರು 6. ನೆಲ ಕುಸಿದು ಆದದ್ದಲ್ಲ, ಬೇಕೆಂದೇ ಮಾಡಿದ್ದು. ಕಂಬಗಳು ಒಳಕ್ಕೆ ಕೂದಲೆಳೆಯಷ್ಟು ವಾಲಿವೆ, ಮೂಲೆಯ ಕಂಬಗಳು ಉಳಿದವಕ್ಕಿಂತ ಸ್ವಲ್ಪ ದಪ್ಪ, ಪ್ರತಿ ಕಂಬದ ಮೈಯೂ ನಡುವೆ ತುಸು ಉಬ್ಬಿ ಮೇಲಕ್ಕೆ ಸಪೂರಾಗುತ್ತದೆ. ಹೀಗಾಗಿ ಕಲ್ಲಿನ ತುಂಡುಗಳನ್ನು ಒಂದೇ ಅಚ್ಚಿನಲ್ಲಿ ಕಡಿದು ರಾಶಿ ಹಾಕಿ ಜೋಡಿಸುವ ಹಾಗಿರಲಿಲ್ಲ. ಒಂದೊಂದನ್ನೂ ಅದರದರ ಜಾಗಕ್ಕೆ ಅಳೆದು ಕೂರಿಸಬೇಕಿತ್ತು. ಇದು ಯಾಕೆ ಎಂಬುದಕ್ಕೆ ವಿದ್ವಾಂಸರಲ್ಲಿ ಹಲವು ಉತ್ತರಗಳಿವೆ: ನೀರು ಹರಿದು ಹೋಗಲಿ ಎಂದು, ಉದ್ದನೆಯ ಗೆರೆ ಕಣ್ಣಿಗೆ ಜೋತುಬಿದ್ದಂತೆ ಕಾಣದಿರಲಿ ಎಂದು. ನನ್ನ ಮಟ್ಟಿಗೆ ಆ ಗುಡಿ ಕಲ್ಲಿನ ಪೆಟ್ಟಿಗೆಯಂತೆ ಕಾಣದೆ ಉಸಿರು ಎಳೆದುಕೊಂಡಂತೆ ಕಾಣುವುದು ಇದರಿಂದಲೇ.

ಸುತ್ತ ಬಿದ್ದಿರುವ ಕಂಬದ ಬಿಲ್ಲೆಗಳನ್ನು ನೋಡಿ. ಇಡೀ ಕಂಬ ಒಂದೇ ಕಲ್ಲಲ್ಲ, ಒಂದರ ಮೇಲೊಂದು ಇಟ್ಟ ಬಿಲ್ಲೆಗಳು. ಬಿಲ್ಲೆಯ ನಡುವೆ ಚೌಕದ ಕುಳಿ ಕಾಣುತ್ತದೆ. ಅಜ್ಜಿಯ ಮನೆಯ ಬೀಸುವ ಕಲ್ಲಿನ ನಡುವೆ ಗೂಟ ಇರುತ್ತಿತ್ತಲ್ಲ, ಅದೇ ಉಪಾಯ. ಕುಳಿಯಲ್ಲಿ ಮರದ ಬಿರಡೆ, ಅದರ ನಡುವೆ ಮರದ ಗೂಟ. ಮೇಲಿನ ಬಿಲ್ಲೆ ಅಷ್ಟಿಷ್ಟೂ ಸರಿಯದೆ ನಟ್ಟನಡುವೆ ಕೂರುತ್ತಿತ್ತು. ಗಾರೆಯ ಹನಿಯೂ ಇಲ್ಲ. ಕಲ್ಲು ಕಲ್ಲಿಗೆ ಎಷ್ಟು ಬಿಗಿಯಾಗಿ ಅಂಟಿತ್ತೆಂದರೆ ಬಿಲ್ಲೆಗಳನ್ನು ಬಿಡಿಸಿದಾಗ ಒಳಗಿನ ಮರ ಹಾಳಾಗದೆ ಸಿಕ್ಕಿದ್ದೂ ಇದೆ. ಕಂಬದ ಮೈಮೇಲಿನ ಉದ್ದುದ್ದ ಗೀರುಗಳನ್ನು ಕೊರೆಯುತ್ತಿದ್ದುದು ಕಂಬ ನಿಂತ ಮೇಲೆ, ಸಾಗಿಸುವಾಗ ಅಂಚು ಮುರಿಯದಿರಲಿ ಎಂದು.

ಗೋಡೆಯ ಕಲ್ಲುಗಳಿಗೆ ಕಬ್ಬಿಣದ ಕೊಂಡಿ ಹಾಕಿ, ಸುತ್ತ ಕಾಯಿಸಿದ ಸೀಸ ಹೊಯ್ಯುತ್ತಿದ್ದರು. ಸೀಸದ ಒಳಗಿನ ಕಬ್ಬಿಣಕ್ಕೆ ತುಕ್ಕು ಹತ್ತಲಿಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಜೀರ್ಣೋದ್ಧಾರ ಮಾಡಿದವರು ಕೊಂಡಿ ಹಾಕಿದರು, ಸೀಸ ಬಿಟ್ಟರು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಅಮೃತಶಿಲೆಯನ್ನೇ ಸೀಳಿತು. 1980ರ ದಶಕದಿಂದ ನಡೆಯುತ್ತಿರುವ ಕೆಲಸದ ದೊಡ್ಡ ಪಾಲು ಆ ಕೊಂಡಿಗಳನ್ನು ಕಿತ್ತು ಟೈಟಾನಿಯಂ ಹಾಕುವುದು. ಆದ್ದರಿಂದ ಸಾರವೆ ಕಟ್ಟಿದ್ದರೆ, ಕ್ರೇನ್ ನಿಂತಿದ್ದರೆ ಫೋಟೊ ಕೆಟ್ಟಿತು ಎಂದು ಗೊಣಗಬೇಡಿ. ಕಲ್ಲುಕುಟಿಗರು ಕೆಲಸ ಮಾಡುವುದು ಕಂಡರೆ ಅದನ್ನೇ ನಿಂತು ನೋಡಿ. ಹಾಲಿನಂತೆ ಬೆಳ್ಳಗಿರುವ ತುಂಡುಗಳು ಹೊಸವು, ಜೇನುಬಣ್ಣದವು ಹಳೆಯವು. ಎರಡೂ ಅದೇ ಪೆಂಟೆಲಿಕಾನ್ ಬೆಟ್ಟದ ಕಲ್ಲು.

ಗುಡಿ ಈ ಸ್ಥಿತಿಗೆ ಬಂದದ್ದು ಕಾಲದ ಹೊಡೆತದಿಂದ ಎಂದುಕೊಂಡಿದ್ದರೆ ಅದು ಅರ್ಧ ಸತ್ಯ. ಚರ್ಚ್ ಆಗಿ, ಮಸೀದಿಯಾಗಿ 17ನೇ ಶತಮಾನದವರೆಗೂ ಅದು ಬಹುಮಟ್ಟಿಗೆ ನಿಂತೇ ಇತ್ತು. ತುರ್ಕರು ಅದರೊಳಗೆ ಸಿಡಿಮದ್ದು ಇಟ್ಟಿದ್ದರು. 1687ರ ಸೆಪ್ಟೆಂಬರ್ 26ರಂದು ವೆನಿಸ್‌ನ ಸೇನೆ ಹಾರಿಸಿದ ಗುಂಡು ಅದಕ್ಕೇ ಬಿತ್ತು. ಉಳಿದ ಶಿಲ್ಪಗಳಲ್ಲಿ ದೊಡ್ಡ ಪಾಲನ್ನು 1801ರಿಂದ ಮುಂದಿನ ವರ್ಷಗಳಲ್ಲಿ ಲಾರ್ಡ್ ಎಲ್ಗಿನ್ ಕೀಳಿಸಿ ಲಂಡನ್ನಿಗೆ ಸಾಗಿಸಿದ.

ಹೊರಡುವ ಮೊದಲು ಪ್ರೊಪಿಲೈಯಾದ ಗೋಡೆಗಳನ್ನು ಒಳಬದಿಯಿಂದ ನೋಡಿ. ಕಲ್ಲುಗಳ ಮೈಮೇಲೆ ಮುಷ್ಟಿಯಂಥ ಉಬ್ಬುಗಳು ಎದ್ದಿರುತ್ತವೆ. ಕಲ್ಲನ್ನು ಎತ್ತಿ ಸರಿಸುವಾಗ ಹಿಡಿತಕ್ಕೆಂದು ಬಿಟ್ಟವು ಅವು. ಎಲ್ಲ ಮುಗಿದ ಮೇಲೆ ಉಳಿಯಿಂದ ಸವರಿ ನಯ ಮಾಡುವುದು ಪದ್ಧತಿ. ಇಲ್ಲಿ ಸವರಲೇ ಇಲ್ಲ. ಕ್ರಿ.ಪೂ. 437ರಲ್ಲಿ ಶುರುವಾದ ಕೆಲಸ 432ರಲ್ಲಿ ನಿಂತಿತು, ಮರುವರ್ಷವೇ ಸ್ಪಾರ್ಟಾದೊಂದಿಗೆ ಯುದ್ಧ. ಆಳುಗಳು ಊಟಕ್ಕೆ ಹೋದವರು ಇನ್ನೂ ಬಂದಿಲ್ಲ ಎನ್ನುವಂತಿದೆ.

ಅಲ್ಲೇ ಒಂದು ಎಚ್ಚರಿಕೆ. ಆ ಬೆಟ್ಟದ ಬಂಡೆ ಕೋಟ್ಯಂತರ ಜನರ ಪಾದ ಸವೆಸಿ ಎಣ್ಣೆ ಸವರಿದಂತಾಗಿದೆ. ಮಳೆ ಬಂದಿರಬೇಕೆಂದೇನೂ ಇಲ್ಲ, ಒಣಗಿದ್ದಾಗಲೇ ನಾನು ಜಾರಿ ಕುಳಿತಿದ್ದೇನೆ, ಜೊತೆಗಿದ್ದ ವಿದ್ಯಾರ್ಥಿಗಳ ಎದುರಿಗೇ. ಚಪ್ಪಲಿ ಬೇಡ, ರಬ್ಬರ್ ತಳದ ಶೂ ಇರಲಿ. ಎತ್ತರದ ಹಿಮ್ಮಡಿಯ ಚಪ್ಪಲಿಗಂತೂ ನಿಷೇಧವೇ ಇದೆ. ನಡೆಯಲು ಕಷ್ಟವಿರುವವರಿಗೆ ಬೆಟ್ಟದ ಉತ್ತರ ಬದಿಯಲ್ಲಿ ಲಿಫ್ಟ್ ಇದೆ. ಯಜಮಾನರಿಗೆ ಅದು ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮೇಲೆ ಕಾಂಕ್ರೀಟಿನ ಕಾಲುದಾರಿ ಹಾಕಿದ್ದಾರೆ. ನೋಡಲು ಅಂದವಿಲ್ಲ ಎಂದು ಅದಕ್ಕೆ ಬೈಗುಳ ಬಿದ್ದದ್ದು ಬೇಕಾದಷ್ಟು, ಆದರೆ ಮಂಡಿನೋವಿದ್ದವರು ಬೈಯಲಾರರು. 2025ರ ಏಪ್ರಿಲ್‌ನಿಂದ ಟಿಕೆಟ್ 30 ಯೂರೋ, ಗಂಟೆ ನಿಗದಿ ಮಾಡಿ ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ಮೇ 18ರಂದು ಮ್ಯೂಸಿಯಂ ದಿನದ ಲೆಕ್ಕದಲ್ಲಿ ಪ್ರವೇಶ ಉಚಿತ. ಅದಕ್ಕೇ ಅಂದು ಹೋಗಬೇಡಿ. ಕಲ್ಲು ಮುಟ್ಟಿದರೆ ಕಾವಲುಗಾರರು ಸೀಟಿ ಊದುತ್ತಾರೆ.

ಮಧ್ಯಾಹ್ನ ಬೆಟ್ಟದ ಬುಡದ ಅಕ್ರೊಪೊಲಿಸ್ ಮ್ಯೂಸಿಯಂ. 2009ರಲ್ಲಿ ತೆರೆದದ್ದು. ಮೇಲಿನ ಅಂತಸ್ತನ್ನು ಪಾರ್ಥೆನಾನ್ ನಿಂತಿರುವ ದಿಕ್ಕಿಗೇ ಕೂಡಿಸಿ ಕಟ್ಟಿದ್ದಾರೆ, ಗಾಜಿನಾಚೆ ಗುಡಿಯೇ ಕಾಣುತ್ತದೆ. ಮೆರವಣಿಗೆಯ ಶಿಲ್ಪಪಟ್ಟಿಯಲ್ಲಿ ಕಂದುಬಣ್ಣಕ್ಕೆ ತಿರುಗಿದವು ಅಸಲಿ ಕಲ್ಲು, ಬೆಳ್ಳಗಿನವು ಲಂಡನ್‌ನಲ್ಲಿರುವವುಗಳ ಅಚ್ಚು. ಅದೇ ಬೆಟ್ಟದ ಎರೆಕ್ಥಿಯಾನ್ ಗುಡಿಯಲ್ಲಿ ಕಂಬಗಳಂತೆ ಚಾವಣಿ ಹೊತ್ತಿದ್ದ ಆರು ಕಲ್ಲಿನ ಹೆಣ್ಣುಗಳಲ್ಲಿ ಐವರು ಇಲ್ಲಿದ್ದಾರೆ, ಆರನೆಯವಳ ಜಾಗ ಖಾಲಿ ಬಿಟ್ಟಿದ್ದಾರೆ. ಬೆಟ್ಟದ ಮೇಲಿರುವವರು ನಕಲು.

ಮರುದಿನ ಹಳೆಯ ಮಾರುಕಟ್ಟೆಯ ಬಯಲಿನಲ್ಲಿರುವ ಹೆಫೈಸ್ಟಸ್ ಗುಡಿಗೆ ಹೋಗಿ. ಹೆಫೈಸ್ಟಸ್ ಕಮ್ಮಾರರ ದೇವರು. ಇದು ಸೇಂಟ್ ಜಾರ್ಜ್ ಚರ್ಚ್ ಆಗಿ 19ನೇ ಶತಮಾನದವರೆಗೂ ಬಳಕೆಯಲ್ಲಿ ಇದ್ದುದರಿಂದ 34 ಹೊರಗಂಬಗಳೂ ನಿಂತಿವೆ. ಪಾರ್ಥೆನಾನ್‌ನಲ್ಲಿ ಮನಸ್ಸಿನಲ್ಲೇ ತುಂಬಿಕೊಳ್ಳಬೇಕಾದದ್ದು ಇಲ್ಲಿ ಕಣ್ಣೆದುರು ಇದೆ. ಜನ ಕಡಿಮೆ, ಮರದ ನೆರಳಿದೆ. ಒಂದೇ ಗುಡಿ ನೋಡಲು ಸಮಯವಿರುವವರಿಗೆ ನಾನು ಹೇಳುವುದು ಇದನ್ನೇ. ಅಲ್ಲಿಂದ ಒಲಿಂಪಿಯನ್ ಝ್ಯೂಸ್ ಗುಡಿ ದೂರವಿಲ್ಲ, ನೆಲವೂ ಸಮತಟ್ಟು. ಕ್ರಿ.ಪೂ. 6ನೇ ಶತಮಾನದಲ್ಲಿ ಹಿಡಿದ ಕೆಲಸವನ್ನು ರೋಮನ್ ಚಕ್ರವರ್ತಿ ಹೇಡ್ರಿಯನ್ ಮುಗಿಸಿದಾಗ ಕ್ರಿ.ಶ. 2ನೇ ಶತಮಾನ. ನಮ್ಮ ಫ್ಲೈಓವರ್‌ಗಳ ಬಗ್ಗೆ ಸಮಾಧಾನ ತಂದುಕೊಳ್ಳಲು ಒಳ್ಳೆಯ ಜಾಗ. 104 ಕಂಬಗಳಲ್ಲಿ 15 ನಿಂತಿವೆ. 1852ರ ಬಿರುಗಾಳಿಗೆ ಬಿದ್ದ ಹದಿನಾರನೆಯದು ಬಿದ್ದ ಹಾಗೆಯೇ ಇದೆ, ಹೆಚ್ಚಿಟ್ಟ ಬಾಳೆದಿಂಡಿನ ಬಿಲ್ಲೆಗಳಂತೆ ಸಾಲಾಗಿ ಒರಗಿಕೊಂಡು. ಕಂಬ ಎಂದರೇನು ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ.

ಅಥೆನ್ಸ್‌ನಲ್ಲಿ ಇನ್ನೊಂದು ದಿನ ಇಟ್ಟುಕೊಂಡು ಪಿರೇಯಸ್ ಬಂದರಿನಿಂದ ಹಡಗು ಹತ್ತಿ ಈಜಿನಾ ದ್ವೀಪಕ್ಕೆ ಹೋಗಿ. ಅಲ್ಲಿಂದ ಬಸ್ಸಿನಲ್ಲಿ ಅಫೈಯಾ ಗುಡಿ. ಅಫೈಯಾ ಆ ದ್ವೀಪದ್ದೇ ಆದ ದೇವಿ. ನಮ್ಮ ಊರಮ್ಮಂದಿರ ಹಾಗೆ ಹೊರಗಿನವರಿಗೆ ಅಷ್ಟು ಪರಿಚಯವಿಲ್ಲ. ಪೈನ್ ಮರಗಳ ನಡುವೆ, ಸಮುದ್ರ ಕಾಣುವ ದಿಬ್ಬದ ಮೇಲೆ, ಕ್ರಿ.ಪೂ. 500ರ ಹೊತ್ತಿಗೆ ಕಟ್ಟಿದ್ದು. 32 ಹೊರಗಂಬಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಂತಿವೆ, ಗರ್ಭಗುಡಿಯೊಳಗಿನ ಎರಡಂತಸ್ತಿನ ಕಂಬಗಳೂ ಕಾಣುತ್ತವೆ. ಇಲ್ಲಿಯ ಹೆಚ್ಚಿನ ಹೊರಗಂಬಗಳು ಏಕಶಿಲೆಯವು. ಉತ್ತರದ ಬದಿಯಲ್ಲಿ ಪಕ್ಕಪಕ್ಕದ ಮೂರು ಮಾತ್ರ ಬಿಲ್ಲೆ ಜೋಡಿಸಿದವು. ಒಳಗಿನ ಕೆಲಸಕ್ಕೆ ಕಲ್ಲು ಸಾಗಿಸಲು ಅಲ್ಲಿ ಕಿಂಡಿ ಬಿಟ್ಟುಕೊಂಡು, ಕೊನೆಗೆ ಬಿಲ್ಲೆ ಪೇರಿಸಿ ಮುಚ್ಚಿದರು ಎಂಬುದು ವಿವರಣೆ. ಮನೆ ಕಟ್ಟಿಸಿದ ಯಾರಿಗಾದರೂ ಇದು ಗೊತ್ತಿರುವ ಸಂಗತಿಯೇ: ದೊಡ್ಡ ಸಾಮಾನು ಒಳಗೆ ಹೋಗುವ ತನಕ ಒಂದು ಗೋಡೆ ಕಟ್ಟುವುದಿಲ್ಲ. ಆ ಮೂರು ಕಂಬಗಳನ್ನು ನೀವೇ ಹುಡುಕಿ. ಕಲ್ಲು ಒರಟು ಸುಣ್ಣದ ಕಲ್ಲು. ಮೇಲೆ ಬಿಳಿಯ ಗಾರೆ ಮೆತ್ತಿ ಕೆಂಪು, ನೀಲಿ ಬಳಿದಿದ್ದರು. ಗ್ರೀಕ್ ಗುಡಿ ಎಂದರೆ ಅಚ್ಚ ಬಿಳುಪು ಎಂಬುದು ಬಣ್ಣ ತೊಳೆದುಹೋದ ಮೇಲೆ ಹುಟ್ಟಿದ ರುಚಿ.

ಐದನೆಯ ದಿನ ಕಾರು ಮಾಡಿಕೊಂಡು ಡೆಲ್ಫಿಗೆ ಹೊರಡಿ. ಮಗಳ ಬಳಿ ಜರ್ಮನಿಯ ಲೈಸೆನ್ಸ್ ಇದ್ದರೆ ಅವಳೇ ಓಡಿಸಬಹುದು. ಡೆಲ್ಫಿ ಕಡಿದಾದ ಬೆಟ್ಟದ ಓರೆ. ಯಜಮಾನರು ಅಪೊಲೊ ಗುಡಿಯ ತನಕ ಹತ್ತಿ ಅಲ್ಲಿ ಕೂರಲಿ, ಮೇಲಿನ ರಂಗಮಂದಿರ ಮತ್ತು ಓಟದ ಅಂಗಳ ನೀವು ತಾಯಿ ಮಗಳು ನೋಡಿ ಬನ್ನಿ. ಗುಡಿಯ ಆರು ಕಂಬಗಳು ಮತ್ತೆ ಎತ್ತಿ ನಿಲ್ಲಿಸಿದವು. ನನಗೆ ಅದಕ್ಕಿಂತ ಪ್ರಿಯವಾದದ್ದು ಜಗತಿಯ ಕೆಳಗಿನ ಗೋಡೆ. ಬಿಡಿಸಿದ ಹಲಸಿನ ತೊಳೆಗಳಂತೆ ಕಲ್ಲು ಕಲ್ಲಿಗೆ ಬಾಗಿ ಕೂಡಿಕೊಂಡಿದೆ. ಹತ್ತಿರ ಹೋದರೆ ಅದರ ಮೈತುಂಬ ಸಣ್ಣ ಅಕ್ಷರಗಳು, ಸುಮಾರು 800 ಶಾಸನಗಳು. ಹೆಚ್ಚಿನವು ಗುಲಾಮರ ಬಿಡುಗಡೆಯ ಪತ್ರಗಳು. ಇಂಥ ಒಡೆಯ ಇಂಥ ಆಳನ್ನು ಇಷ್ಟು ಬೆಳ್ಳಿಗೆ ಅಪೊಲೊ ದೇವರಿಗೆ ಮಾರಿದ್ದಾನೆ ಎಂದು ಬರೆಸುವುದು. ದೇವರ ಆಳು ಅಂದರೆ ಇನ್ನು ಯಾರ ಆಳೂ ಅಲ್ಲ. ಕೆಲವದರಲ್ಲಿ ಒಡೆಯ ಸಾಯುವ ತನಕ ಅವನ ಮನೆಯಲ್ಲೇ ದುಡಿಯಬೇಕೆಂಬ ಷರತ್ತೂ ಇದೆ! ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ, ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ.

ಡೆಲ್ಫಿಯಿಂದ ರಿಯೊ ಸೇತುವೆ ದಾಟಿ ಒಲಿಂಪಿಯಾಗೆ. ಅಲ್ಲಿ ಎರಡು ರಾತ್ರಿ ಉಳಿಯಿರಿ, ನೆಲ ಸಪಾಟು, ಮಂಡಿಗೆ ಹಿತ. ಝ್ಯೂಸ್ ಗುಡಿಯನ್ನು 6ನೇ ಶತಮಾನದ ಭೂಕಂಪ ಕೆಡವಿತು; ಈಗ ನಿಂತಿರುವ ಒಂಟಿ ಕಂಬ 2004ರಲ್ಲಿ ಎಬ್ಬಿಸಿದ್ದು. ನಿಮ್ಮ ನಾದಿನಿಯವರ ಕಣ್ಣಿಗೆ ಇದು ಕಲ್ಲಿನ ರಾಶಿ. ಬಿದ್ದಿರುವ ಬಿಲ್ಲೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ: ಕಲ್ಲಿನ ತುಂಬ ಸಮುದ್ರದ ಚಿಪ್ಪುಗಳು. ಸ್ಥಳೀಯವಾಗಿ ಸಿಕ್ಕ ಚಿಪ್ಪುಗಲ್ಲಿನಲ್ಲಿ ಕಟ್ಟಿ, ಮೇಲೆ ಬಿಳಿ ಗಾರೆ ಮೆತ್ತಿ ಅಮೃತಶಿಲೆಯಂತೆ ತೋರಿಸಿದ್ದರು. ಪಕ್ಕದ ಹೀರಾ ಗುಡಿಯ ಕಂಬಗಳು ಒಂದರ ಹಾಗೆ ಒಂದಿಲ್ಲ. ಮೊದಲು ಎಲ್ಲವೂ ಮರದವಾಗಿದ್ದು, ಹಾಳಾದಂತೆಲ್ಲ ಒಂದೊಂದಾಗಿ ಕಲ್ಲಿಗೆ ಬದಲಾದವು ಎನ್ನುತ್ತಾರೆ. 2ನೇ ಶತಮಾನದಲ್ಲಿ ಬಂದ ಪಾಸೇನಿಯಸ್ ಎಂಬ ಪ್ರವಾಸಿ ಒಂದು ಓಕ್ ಮರದ ಕಂಬ ಇನ್ನೂ ಇದ್ದುದನ್ನು ಬರೆದಿಟ್ಟಿದ್ದಾನೆ. ಮ್ಯೂಸಿಯಂನಲ್ಲಿ ಒಂದು ಪುಟ್ಟ ಮಣ್ಣಿನ ಲೋಟವಿದೆ, ಫಿಡಿಯಾಸನ ಕಾರ್ಯಾಗಾರದ ಜಾಗದಲ್ಲಿ ಸಿಕ್ಕಿದ್ದು. ನಾವು ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವಂತೆ ಅದರ ತಳದಲ್ಲಿ ಗೀರಿದ್ದಾರೆ: "ನಾನು ಫಿಡಿಯಾಸನದು".

ಸೂನಿಯಾನ್ ಭೂಶಿರದ ಪೊಸೈಡನ್ ಗುಡಿ, ಸೂರ್ಯಾಸ್ತ ಎಲ್ಲರೂ ಹೇಳುತ್ತಾರೆ. ಚೆನ್ನಾಗಿದೆ, ಆದರೆ ಸಂಜೆ ಬಸ್ಸುಗಳ ಸಾಲು. ಸಮಯ ಮಿಕ್ಕರೆ ಮಾತ್ರ. ಬಾಸೆಯ ಅಪೊಲೊ ಗುಡಿ 1987ರಿಂದ ಡೇರೆಯೊಳಗಿದೆ, ದಾರಿಯೂ ಸುತ್ತು. ಈ ಸಲ ಬಿಡಿ. ಇನ್ನೂ ಚೆನ್ನಾಗಿ ಉಳಿದ ಗ್ರೀಕ್ ಗುಡಿಗಳು ಇಟಲಿಯ ಪೇಸ್ಟಮ್‌ನಲ್ಲೂ ಸಿಸಿಲಿಯ ಅಗ್ರಿಜೆಂಟೊದಲ್ಲೂ ಇವೆ. ಮಗಳು ಅಲ್ಲೇ ಇರುವಾಗ ಇನ್ನೊಂದು ಸಲ ಹೋಗದಿರುವಿರಾ?

ಮ್ಯೂನಿಕ್‌ಗೆ ಹಿಂತಿರುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಅಫೈಯಾ ಗುಡಿಯ ಮುಂಭಾಗ, ಹಿಂಭಾಗದ ತ್ರಿಕೋನಗಳಲ್ಲಿದ್ದ ಶಿಲ್ಪಗಳು 1811ರಲ್ಲಿ ಅಗೆತಕ್ಕೆ ಸಿಕ್ಕವು, ಬವೇರಿಯಾದ ಯುವರಾಜ ಲುಡ್ವಿಗ್ ಹರಾಜಿನಲ್ಲಿ ಕೊಂಡ. ಈಗ ಅವು ಮ್ಯೂನಿಕ್‌ನ ಗ್ಲಿಪ್ಟೊಥೆಕ್ ಮ್ಯೂಸಿಯಂನಲ್ಲಿವೆ. ಬಾಣ ನೆಟ್ಟು ಬೀಳುತ್ತಿರುವ ಯೋಧರು, ಗುರಾಣಿಗೆ ಒರಗಿ ಸಾಯುತ್ತಿರುವವನು. ಗುಡಿಯ ಮೇಲಿದ್ದಷ್ಟು ಕಾಲವೂ ಅವರ ಬೆನ್ನು ಗೋಡೆಗಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಶಿಲ್ಪಿಗಳು ಬೆನ್ನನ್ನೂ ಅಷ್ಟೇ ಶ್ರದ್ಧೆಯಿಂದ ಕೆತ್ತಿದ್ದಾರೆ. ಅಲ್ಲಿ ಸುತ್ತು ಹಾಕಲು ಜಾಗವಿದೆ, ಹಗ್ಗವೂ ಅಡ್ಡ ಬರುವುದಿಲ್ಲ. ಸೋಮವಾರ ರಜೆ, ನೋಡಿಕೊಂಡು ಹೋಗಿ.